ಅಂಗಡಿಗಿಂತ ಮೊದಲು ಆಟಿಕೆ ಮಾಡಿದವರನ್ನು ಹುಡುಕಿ

ಪ್ರಶ್ನೆ: ನನಗೆ ಐದು ವರ್ಷದ ಮಗ, ಎರಡು ವರ್ಷದ ಮಗಳು ಇದ್ದಾರೆ. ದೊಡ್ಡ ಮಳಿಗೆಗಳಲ್ಲಿ ಸಿಗುವ, ಗುಂಡಿ ಒತ್ತಿದರೆ ಹಾಡುವ ಆಟಿಕೆಗಳು ಸಾಕಾಗಿವೆ. ಮರ, ಬಟ್ಟೆ, ಉಣ್ಣೆಯಂಥ ನೈಸರ್ಗಿಕ ವಸ್ತುಗಳಿಂದ ಮಾಡಿದ, ಮಕ್ಕಳು ಏನಾದರೂ ಕಲಿಯುವಂಥ ಆಟಿಕೆಗಳನ್ನಿಡುವ ಸಣ್ಣ, ಸ್ವತಂತ್ರ ಅಂಗಡಿಗಳನ್ನು ಹುಡುಕುತ್ತಿದ್ದೇನೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಎಲ್ಲರೂ ತಮ್ಮದು ‘ನೈಸರ್ಗಿಕ’, ‘ಶೈಕ್ಷಣಿಕ’ ಎನ್ನುತ್ತಾರೆ. ನಿಜವಾದ ಅಂಗಡಿಯನ್ನು ಕಂಡುಹಿಡಿಯುವುದು ಹೇಗೆ, ನಂಬುವುದು ಹೇಗೆ?

ಉತ್ತರ: ನೀವು ಹೆಸರಿಸಿದ ಆ ಎರಡು ಪದಗಳನ್ನು ಮೊದಲು ಪಕ್ಕಕ್ಕಿಡೋಣ, ಏಕೆಂದರೆ ನಿಮ್ಮ ಹುಡುಕಾಟ ದಾರಿ ತಪ್ಪುತ್ತಿರುವುದು ಅಲ್ಲಿಯೇ. ಆಟಿಕೆಯ ಡಬ್ಬಿಯ ಮೇಲೆ ‘ಶೈಕ್ಷಣಿಕ’ ಎಂದು ಅಚ್ಚು ಹಾಕಿಸುವ ಮುನ್ನ ಅದರಿಂದ ಮಗು ಏನು ಕಲಿಯುತ್ತದೆ ಎಂದು ಯಾರಿಗೂ ಸಾಬೀತುಪಡಿಸಬೇಕಾಗಿಲ್ಲ. ಅಮೆರಿಕದ ಮಕ್ಕಳ ತಜ್ಞವೈದ್ಯರ ಸಂಘವು 2018ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿಯಲ್ಲಿ, ಶೈಕ್ಷಣಿಕವೆಂದು ಮಾರಾಟವಾಗುವ ಎಲೆಕ್ಟ್ರಾನಿಕ್ ಆಟಿಕೆಗಳ ಬಹುಪಾಲು ಹೇಳಿಕೆಗಳಿಗೆ ಆಧಾರವಿಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ‘ಮಾಂಟೆಸ್ಸರಿ’ ಎಂಬ ಹೆಸರಿನ ಸ್ಥಿತಿಯೂ ಹಾಗೆಯೇ ಆಗಿದೆ. ಇಟಲಿಯ ವೈದ್ಯೆ, ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊದಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದು, ಒಂದು ಸಾಧನ ಒಂದೇ ಗುಣವನ್ನು ಕಲಿಸಬೇಕೆಂಬ ಕಟ್ಟುನಿಟ್ಟಿನಿಂದ ವಸ್ತುಗಳನ್ನು ರೂಪಿಸಿದರು. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ ಬೆಳೆಯುವ ಅವರ ಹತ್ತು ಘನಗಳ ಗೋಪುರಕ್ಕೆ ಒಂದೇ ಬಣ್ಣವಿದೆ. ಮಗುವಿನ ಗಮನ ಗಾತ್ರದ ಮೇಲಷ್ಟೇ ನಿಲ್ಲಲಿ ಎಂಬುದು ಅದರ ಉದ್ದೇಶ. ಇಂದು ಏಳು ಬಣ್ಣ ಬಳಿದು, ಅಂಕಿ ಬರೆದು, ಪ್ರಾಣಿಯ ಚಿತ್ರ ಅಂಟಿಸಿದ ಗೋಪುರವೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಆದ್ದರಿಂದ ಫಲಕದ ಮೇಲಿನ ಮಾತನ್ನು ನೋಡಿ ಅಂಗಡಿಯನ್ನು ಆರಿಸಲಾಗದು. ಆ ಅಂಗಡಿಯವರಿಗೆ ತಾವು ಮಾರುವ ವಸ್ತುವನ್ನು ಯಾರು, ಯಾವುದರಿಂದ, ಹೇಗೆ ಮಾಡಿದರೆಂದು ಗೊತ್ತಿದೆಯೇ ಎಂಬುದೊಂದೇ ನನ್ನ ಅನುಭವದಲ್ಲಿ ಕೈಕೊಡದ ಅಳತೆ.

ಈ ಕಾರಣಕ್ಕಾಗಿಯೇ ಹುಡುಕಾಟವನ್ನು ಅಂಗಡಿಯಿಂದ ಆರಂಭಿಸದೆ, ಆಟಿಕೆ ತಯಾರಿಸುವವರಿಂದ ಆರಂಭಿಸಿ ಎಂದು ನನ್ನನ್ನು ಕೇಳುವ ಎಲ್ಲರಿಗೂ ಹೇಳುತ್ತೇನೆ. ಯಾವುದಾದರೂ ಮನೆಯಲ್ಲಿ, ಶಿಶುವಿಹಾರದಲ್ಲಿ ಅಥವಾ ವೈದ್ಯರ ಕೊಠಡಿಯಲ್ಲಿ ನಿಮಗೆ ನಿಜಕ್ಕೂ ಇಷ್ಟವಾದ ಒಂದು ಮರದ ಆಟಿಕೆಯನ್ನು ಕಂಡಿದ್ದರೆ ಅದನ್ನು ತಿರುಗಿಸಿ ನೋಡಿ. ಒಳ್ಳೆಯ ತಯಾರಕರು ತಳದಲ್ಲಿ ತಮ್ಮ ಗುರುತನ್ನು ಒತ್ತಿರುತ್ತಾರೆ. ಆ ಹೆಸರಿನ ಜಾಲತಾಣಕ್ಕೆ ಹೋದರೆ ತಮ್ಮ ಸರಕನ್ನು ಎಲ್ಲೆಲ್ಲಿ ಕೊಳ್ಳಬಹುದೆಂಬ ಅಂಗಡಿಗಳ ಪಟ್ಟಿ ಬಹುತೇಕ ಇರುತ್ತದೆ, ಇಲ್ಲದಿದ್ದರೆ ಪತ್ರ ಬರೆದು ಕೇಳಿದರೆ ಕಳುಹಿಸುತ್ತಾರೆ. ಇಂಥ ಮೂರು ನಾಲ್ಕು ತಯಾರಕರ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದೆರಡು ಅಂಗಡಿಗಳ ಹೆಸರು ಎಲ್ಲದರಲ್ಲೂ ಮತ್ತೆ ಮತ್ತೆ ಬರುವುದನ್ನು ಕಾಣುವಿರಿ. ನಿಮಗೆ ಬೇಕಾದವರು ಸಾಮಾನ್ಯವಾಗಿ ಅವರೇ ಆಗಿರುತ್ತಾರೆ, ಏಕೆಂದರೆ ಸಣ್ಣ ತಯಾರಕರು ಸರಕು ಕೊಡುವಾಗ ಅಂಗಡಿಯವರನ್ನೂ ಆರಿಸುತ್ತಾರೆ. ವಸ್ತುವನ್ನು ವಿವರಿಸಿ ಹೇಳಬಲ್ಲವರಿಗೆ, ತುಂಡೊಂದು ಕಳೆದುಹೋದಾಗ ತಮ್ಮನ್ನು ಸಂಪರ್ಕಿಸಬಲ್ಲವರಿಗೆ ಕೊಡಲು ಬಯಸುತ್ತಾರೆ.

ಎರಡನೆಯ ದಾರಿ ಆಟಿಕೆಗಳನ್ನು ದಿನವೂ ಸವೆಸುವವರನ್ನು ಕೇಳುವುದು. ಶಿಶುವಿಹಾರದ ಶಿಕ್ಷಕಿಯರು, ಮಕ್ಕಳ ಮಾತಿನ ತೊಂದರೆಗಳಿಗೆ ಚಿಕಿತ್ಸೆ ಕೊಡುವವರು, ಕೈಬೆರಳುಗಳ ಚಲನೆಯನ್ನು ತಿದ್ದುವ ಆಕ್ಯುಪೇಶನಲ್ ಥೆರಪಿಸ್ಟರು, ಇವರೆಲ್ಲ ತಮ್ಮ ಕೆಲಸಕ್ಕೆ ಬೇಕಾದ ಸಾಮಾನನ್ನು ಎಲ್ಲಿಂದಲೋ ತರಿಸಿರುತ್ತಾರೆ. ಯಾವುದು ಒಳ್ಳೆಯದು ಎಂದು ಅವರನ್ನು ಕೇಳಬೇಡಿ. ಮೂರು ವರ್ಷಗಳ ನಂತರವೂ ನಿಮ್ಮ ಕಪಾಟಿನಲ್ಲಿ ಉಳಿದಿರುವುದು ಯಾವುದು, ಅದನ್ನು ಎಲ್ಲಿ ತಂದಿರಿ ಎಂದು ಕೇಳಿ. ‘ಒಳ್ಳೆಯದು ಯಾವುದು’, ‘ಉಳಿದಿರುವುದು ಯಾವುದು’ ಎಂಬ ಎರಡು ಪ್ರಶ್ನೆಗಳಿಗೆ ಬರುವ ಉತ್ತರಗಳು ಬೇರೆಬೇರೆಯಾಗಿರುತ್ತವೆ. ನಿಮ್ಮ ಸುತ್ತಮುತ್ತ ಆಟಿಕೆಗಳನ್ನು ಎರವಲು ಕೊಡುವ ಗ್ರಂಥಾಲಯವಿದ್ದರೆ ಅದು ಇನ್ನೂ ದೊಡ್ಡ ಅನುಕೂಲ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ 1935ರಲ್ಲಿ, ಆರ್ಥಿಕ ಕುಸಿತದ ದಿನಗಳಲ್ಲಿ, ಇಂಥದೊಂದು ವ್ಯವಸ್ಥೆ ಆರಂಭವಾಯಿತು. ಈಗ ಹಲವು ದೇಶಗಳಲ್ಲಿ ಇವೆ. ಕೊಳ್ಳುವ ಮುನ್ನ ಮಗುವಿನ ಕೈಗೆ ಕೊಟ್ಟು ನೋಡಲು ಇದಕ್ಕಿಂತ ಉತ್ತಮ ಜಾಗ ನನಗೆ ತಿಳಿದಿಲ್ಲ.

ಮಕ್ಕಳ ಪುಸ್ತಕಗಳನ್ನಷ್ಟೇ ಮಾರುವ ಅಂಗಡಿಗಳು, ವಸ್ತುಸಂಗ್ರಹಾಲಯಗಳ ಮಳಿಗೆಗಳು, ಕರಕುಶಲ ಮೇಳಗಳು ಕೂಡ ನೋಡತಕ್ಕವು. ಅಮೆರಿಕದಲ್ಲಿ ಸ್ವತಂತ್ರ ಆಟಿಕೆ ಅಂಗಡಿಗಳ ಸಂಘವೊಂದು 1992ರಿಂದ ಇದೆ. ನೀವಿರುವ ದೇಶದಲ್ಲಿಯೂ ಅಂಥ ಸಂಘವಿದ್ದರೆ ಅದರ ಸದಸ್ಯರ ಪಟ್ಟಿ ಉಪಯುಕ್ತ. ಜರ್ಮನಿಯಲ್ಲಿ ‘ಶ್ಪೀಲ್ ಗುಟ್’ ಎಂಬ ಕಿತ್ತಳೆ ಬಣ್ಣದ ದುಂಡನೆಯ ಗುರುತನ್ನು 1954ರಿಂದ ಸ್ವತಂತ್ರ ಸಮಿತಿಯೊಂದು ಒಳ್ಳೆಯ ಆಟಿಕೆಗಳಿಗೆ ನೀಡುತ್ತಾ ಬಂದಿದ್ದು, ಮಕ್ಕಳಿಂದ ಆಡಿಸಿ ನೋಡಿದ ನಂತರವೇ ಕೊಡುವ ಗುರುತಾದ್ದರಿಂದ ನಾನು ಅದಕ್ಕೆ ಬೆಲೆ ಕೊಡುತ್ತೇನೆ.

ಇಂಟರ್‌ನೆಟ್ಟಿನಲ್ಲಿಯೇ ಹುಡುಕಬೇಕೆಂದಿದ್ದರೆ ಪದಗಳನ್ನು ಬದಲಿಸಿ. ‘ಶೈಕ್ಷಣಿಕ ಆಟಿಕೆ’ ಎಂದು ಬರೆದರೆ ಜಾಹೀರಾತಿಗೆ ಹೆಚ್ಚು ಹಣ ಕೊಟ್ಟವರು ಮೊದಲು ಕಾಣಿಸುತ್ತಾರೆ. ವಸ್ತು, ಅದರ ಮೂಲ ಪದಾರ್ಥ ಮತ್ತು ಮೆರುಗು, ಈ ಮೂರನ್ನೂ ಸೇರಿಸಿ, ‘ಬೀಚ್ ಮರದ ಬ್ಲಾಕ್, ಬಣ್ಣವಿಲ್ಲದ್ದು’ ಅಥವಾ ‘ಮೇಪಲ್ ಮರದ ಗಿಲಕಿ, ಜೇನುಮೇಣದ ಮೆರುಗು’ ಎಂಬಂತೆ ಬರೆದು ನೋಡಿ. ಇಷ್ಟು ವಿವರವನ್ನು ತಮ್ಮ ಪುಟದಲ್ಲಿ ಬರೆಯುವ ವ್ಯವಧಾನ ಇರುವವರು ಮಾತ್ರ ಆಗ ಮೇಲೆ ಬರುತ್ತಾರೆ. ಸಿಕ್ಕ ಅಂಗಡಿ ನಿಜವಾಗಿಯೂ ಅಂಗಡಿಯೇ, ಅಥವಾ ಬೇರೆಲ್ಲಿಂದಲೋ ನೇರವಾಗಿ ಸರಕು ಕಳುಹಿಸುವ ಹೆಸರು ಮಾತ್ರವೇ ಎಂದು ತಿಳಿಯಲು ಅವರ ಆಟಿಕೆಯ ಚಿತ್ರವನ್ನೇ ತೆಗೆದುಕೊಂಡು ಚಿತ್ರದ ಮೂಲಕ ಹುಡುಕಿ. ತಯಾರಕರ ಹೆಸರಿಲ್ಲದ ಅದೇ ಚಿತ್ರ ಹತ್ತು ಹೆಸರುಗಳಲ್ಲಿ, ಹತ್ತು ಬೆಲೆಗಳಲ್ಲಿ ಕಾಣಿಸಿದರೆ ಅವರು ಆ ಆಟಿಕೆಯನ್ನು ಕೈಯಲ್ಲಿ ಹಿಡಿದೇ ನೋಡಿಲ್ಲವೆಂದು ತಿಳಿಯಬಹುದು. ವಿಳಾಸ, ದೂರವಾಣಿ, ಆಮದು ಮಾಡಿಕೊಂಡವರ ಹೆಸರು ಇಲ್ಲದ ತಾಣದಿಂದ ಎರಡು ವರ್ಷದ ಮಗುವಿಗೆ ಏನನ್ನೂ ಕೊಳ್ಳಬೇಡಿ.

ಇನ್ನು ‘ನೈಸರ್ಗಿಕ’ ಎಂಬುದರ ಬಗ್ಗೆ. ಈ ಪದ ಸುರಕ್ಷತೆಯ ಭರವಸೆಯಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಎಚ್ಚರದಿಂದಿರುವ ತಂದೆತಾಯಿಯರೇ ಇಲ್ಲಿ ಹೆಚ್ಚು ಮೋಸಹೋಗುತ್ತಾರೆ. ಮರದ ಆಟಿಕೆ ಎಂದು ಮಾರುವುದರಲ್ಲಿ ಬಹಳಷ್ಟು ಪ್ಲೈವುಡ್ ಅಥವಾ ಎಂಡಿಎಫ್ ಇರುತ್ತದೆ. ಇವುಗಳಲ್ಲಿ ಮರದ ಪದರಗಳನ್ನು ಅಥವಾ ಪುಡಿಯನ್ನು ಅಂಟಿನಿಂದ ಒತ್ತಿ ಕೂಡಿಸಿರುತ್ತಾರೆ, ಆ ಅಂಟುಗಳಲ್ಲಿ ಹಲವು ಫಾರ್ಮಾಲ್ಡಿಹೈಡನ್ನು ನಿಧಾನವಾಗಿ ಹೊರಬಿಡುತ್ತವೆ. ಎಲ್ಲ ಪ್ಲೈವುಡ್ಡೂ ಕೆಟ್ಟದ್ದೆಂದಲ್ಲ, ಒಳ್ಳೆಯ ಬರ್ಚ್ ಪ್ಲೈವುಡ್‌ನಲ್ಲಿ ಮಾಡಿದ ಅಚ್ಚುಕಟ್ಟಾದ ಜೋಡಣೆ ಚಿತ್ರಗಳಿವೆ. ಆದರೆ ಯಾವುದೆಂದು ಹೇಳಿ ಮಾರಬೇಕು. ಬೀಚ್, ಮೇಪಲ್, ಬರ್ಚ್, ರಬ್ಬರ್ ಮರಗಳು ಎಳೆ ಒತ್ತಾಗಿರುವ ಗಟ್ಟಿ ಮರಗಳಾದ್ದರಿಂದ ಸುಲಭವಾಗಿ ಸಿಬರು ಏಳುವುದಿಲ್ಲ, ಮಗು ಕಚ್ಚಿದರೂ ತುಂಡು ಕಳಚುವುದಿಲ್ಲ. ಪೈನ್‌ನಂಥ ಮೃದು ಮರ ಹಗುರ, ಅಗ್ಗ, ಆದರೆ ನೆಲಕ್ಕೆ ಬಿದ್ದಲ್ಲೆಲ್ಲ ನೆಗ್ಗುತ್ತದೆ.

ಮರಕ್ಕಿಂತ ಹೆಚ್ಚಾಗಿ ಅದರ ಮೇಲೆ ಏನನ್ನು ಬಳಿದಿದ್ದಾರೆಂಬುದು ಮುಖ್ಯ, ಏಕೆಂದರೆ ಮಗುವಿನ ಬಾಯಿಗೆ ಹೋಗುವುದು ಅದು. ಜೇನುಮೇಣ, ಅರಗು, ಅಗಸೆ ಎಣ್ಣೆ ಇವು ಹಳೆಯ, ಚೆನ್ನಾಗಿ ಪರಿಚಿತವಾದ ಮೆರುಗುಗಳು. ಆದರೆ ಅಗಸೆ ಎಣ್ಣೆಯಲ್ಲಿಯೂ ‘ಕುದಿಸಿದ್ದು’ ಎಂಬ ಹೆಸರಿನಲ್ಲಿ ಮಾರುವ ಬಗೆಗೆ ಬೇಗ ಒಣಗಲೆಂದು ಲೋಹದ ಲವಣಗಳನ್ನು ಸೇರಿಸಿರುವುದು ಸಾಮಾನ್ಯ. ಆಟಿಕೆಗೆ ಬೇಕಾದದ್ದು ಅದಲ್ಲ. ಅಕ್ರೋಟಿನಂಥ ಬೀಜಗಳಿಂದ ತೆಗೆದ ಎಣ್ಣೆಯನ್ನು ಬಳಸಿದ್ದರೆ, ನಿಮ್ಮ ಮಕ್ಕಳಿಗೆ ಅಂಥ ಅಲರ್ಜಿ ಇದ್ದ ಪಕ್ಷದಲ್ಲಿ, ಕೇಳಿ ತಿಳಿಯುವುದು ಅಗತ್ಯ. ಹಲ್ಲು ಬರುವಾಗ ಮಗು ಕಚ್ಚಲೆಂದು ಕೊಡುವ ನೈಸರ್ಗಿಕ ರಬ್ಬರಿನ ಆಟಿಕೆಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಲೇಟೆಕ್ಸ್ ಅಲರ್ಜಿಯವರಿಗೆ ಅವು ಹೊಂದುವುದಿಲ್ಲ, ಗಾಳಿತೂತು ಇರುವ ಟೊಳ್ಳು ಆಟಿಕೆಯೊಳಗೆ ನೀರು ನಿಂತು ಬೂಷ್ಟು ಬೆಳೆಯುತ್ತದೆ. ಬಿದಿರಿನ ಬಟ್ಟೆಯೆಂದು ಮಾರುವುದು ಬಹುತೇಕ ಬಿದಿರಿನ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ ತೆಗೆದ ವಿಸ್ಕೋಸ್ ಎಳೆ. ಇದಕ್ಕೆ ಎದುರಾಗಿ, ಗಟ್ಟಿ ಪ್ಲಾಸ್ಟಿಕ್ಕಿನ ಒಂದಕ್ಕೊಂದು ಸಿಕ್ಕಿಸುವ ಇಟ್ಟಿಗೆಗಳು ನೈಸರ್ಗಿಕವಲ್ಲದಿದ್ದರೂ, ನಿಮ್ಮ ಮಗನ ವಯಸ್ಸಿಗೆ ಕೊಡಬಹುದಾದ ಅತ್ಯುತ್ತಮ ಆಟಿಕೆಗಳಲ್ಲಿ ಒಂದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ವಸ್ತುವಿನ ಮೇಲಿನ ಪ್ರೀತಿ ಒಳ್ಳೆಯದು, ಆದರೆ ಅದಕ್ಕಾಗಿ ಒಳ್ಳೆಯ ಆಟವನ್ನು ಬಿಟ್ಟುಕೊಡಬೇಕಾಗಿಲ್ಲ.

ಗುರುತುಗಳನ್ನು ಓದಲು ಕಲಿಯಿರಿ, ಆದರೆ ಅವು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂದು ತಿಳಿದು ಓದಿರಿ. ಯುರೋಪಿನ ಸಿಇ ಗುರುತು ಹೆಚ್ಚಿನ ಆಟಿಕೆಗಳ ವಿಷಯದಲ್ಲಿ ತಯಾರಕರು ತಾವೇ ಮಾಡಿಕೊಳ್ಳುವ ಘೋಷಣೆ. ಅದರ ಹಿಂದೆ ಇಎನ್ 71 ಎಂಬ ಆಟಿಕೆ ಸುರಕ್ಷತೆಯ ಮಾನಕದ ಪರೀಕ್ಷಾ ವರದಿ ಇದೆಯೇ ಎಂದು ಅಂಗಡಿಯವರನ್ನು ಕೇಳಬಹುದು. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾಗಿದ್ದು, ನೋಂದಾಯಿತ ಕರಕುಶಲಕರ್ಮಿಗಳಿಗೆ ವಿನಾಯಿತಿ ಇದೆ. ಅಮೆರಿಕದಲ್ಲಿ 2008ರ ಕಾನೂನು ಮಕ್ಕಳ ವಸ್ತುಗಳ ಬಣ್ಣದಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಇಳಿಸಿತು. ಆಗ ಪರೀಕ್ಷೆಯ ವೆಚ್ಚ ಭರಿಸಲಾಗದೆ ಸಣ್ಣ ತಯಾರಕರು ಕಂಗಾಲಾದರು. 2011ರ ತಿದ್ದುಪಡಿ ಅವರಿಗೆ ಕೆಲವು ಪರೀಕ್ಷೆಗಳಿಂದ ರಿಯಾಯಿತಿ ಕೊಟ್ಟರೂ, ಬಣ್ಣದಲ್ಲಿನ ಸೀಸ ಮತ್ತು ಸಣ್ಣ ತುಂಡುಗಳ ಪರೀಕ್ಷೆಯನ್ನು ಬಿಟ್ಟುಕೊಡಲಿಲ್ಲ. ಈ ಇತಿಹಾಸವನ್ನು ಹೇಳುವುದಕ್ಕೆ ಕಾರಣವಿದೆ. ಕೈಯಿಂದ ಮಾಡಿದ್ದು ಎಂದಮಾತ್ರಕ್ಕೆ ಪರೀಕ್ಷೆ ಬೇಡವೆಂದಲ್ಲ, ಎಲ್ಲ ವರದಿಗಳೂ ಇಲ್ಲವೆಂದಮಾತ್ರಕ್ಕೆ ಆ ತಯಾರಕರು ಅಪ್ರಾಮಾಣಿಕರೂ ಅಲ್ಲ; ಬಣ್ಣವನ್ನು ಎಲ್ಲಿ ಕೊಂಡರೆಂದು ಅವರು ಹೇಳಬಲ್ಲರೇ ಎಂಬುದನ್ನು ನೋಡಬೇಕು. ಮರಕ್ಕೆ ಎಫ್ಎಸ್‌ಸಿ, ಬಟ್ಟೆಗೆ ಹಾನಿಕಾರಕ ರಾಸಾಯನಿಕಗಳನ್ನು ಪರೀಕ್ಷಿಸಿ ಕೊಡುವ ಓಕೋ-ಟೆಕ್ಸ್ (Oeko-Tex) ಗುರುತುಗಳಿವೆ. ಮೊದಲನೆಯದು ಕಾಡಿನ ನಿರ್ವಹಣೆಯ ಬಗ್ಗೆ ಮಾತ್ರ ಹೇಳುತ್ತದೆ, ಬಣ್ಣದ ಬಗ್ಗೆ ಏನೂ ಹೇಳುವುದಿಲ್ಲ. ಎರಡನೆಯದರಲ್ಲಿ ಮೂರು ವರ್ಷದೊಳಗಿನ ಮಕ್ಕಳ ವಸ್ತುಗಳಿಗಾಗಿ ಅತ್ಯಂತ ಕಟ್ಟುನಿಟ್ಟಾದ ಒಂದನೇ ವರ್ಗವಿದೆ. ನಿಮ್ಮ ಮಗಳ ಗೊಂಬೆಗೆ ಕೇಳಬೇಕಾದ್ದು ಅದನ್ನು.

ಈಗ ಅಂಗಡಿಯ ಒಳಗೆ ಹೋಗೋಣ. ಮೊದಲ ಸಲ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ, ಜನಸಂದಣಿ ಇಲ್ಲದ ಹೊತ್ತಿನಲ್ಲಿ ಒಬ್ಬರೇ ಹೋಗಿ. ತೆರೆದಿಟ್ಟ ಮಾದರಿಗಳಿವೆಯೇ, ಮುಟ್ಟಲು ಬಿಡುತ್ತಾರೆಯೇ ನೋಡಿ. ಎಲ್ಲ ಡಬ್ಬಿಗಳಿಗೂ ಪ್ಲಾಸ್ಟಿಕ್ ಹೊದಿಕೆ ಬಿಗಿದು ಗೋಡೆಗೆ ಸಾಲಾಗಿ ಜೋಡಿಸಿದ್ದರೆ, ಅಂಗಡಿ ಚಿಕ್ಕದಾಗಿದ್ದರೂ ಅದು ದೊಡ್ಡ ಮಳಿಗೆಯ ತುಂಡಷ್ಟೇ. ನಂತರ ನಿಮ್ಮ ಮಕ್ಕಳ ವಯಸ್ಸನ್ನು ಹೇಳಿ, ‘ನಿಮ್ಮಲ್ಲಿರುವ ಯಾವ ಆಟಿಕೆಯನ್ನು ನನ್ನ ಎರಡು ವರ್ಷದ ಮಗಳಿಗೆ ಕೊಡಬಾರದು?’ ಎಂದು ಕೇಳಿ. ನಾನು ವರ್ಷಗಳಿಂದ ಕೇಳುತ್ತಾ ಬಂದಿರುವ ಪ್ರಶ್ನೆ ಇದು. ತಿಳಿದವರು ಕೂಡಲೇ ಎದ್ದು ಬಂದು, ಇದರ ಮಣಿ ಚಿಕ್ಕದು, ಇದರ ದಾರ ಉದ್ದ, ಇದರಲ್ಲಿ ಅಯಸ್ಕಾಂತವಿದೆ ಎಂದು ಒಂದೊಂದನ್ನೂ ತೋರಿಸುತ್ತಾರೆ. ‘ನಮ್ಮಲ್ಲಿ ಎಲ್ಲವೂ ಸುರಕ್ಷಿತ’ ಎಂಬ ಉತ್ತರ ಬಂದರೆ ನಮಸ್ಕಾರ ಹೇಳಿ ಹೊರಡಬಹುದು.

ಆಟಿಕೆಯನ್ನು ಕೈಗೆತ್ತಿಕೊಂಡಾಗ ಮೂಸಿ ನೋಡಿ. ಘಾಟು ವಾಸನೆ ಬಂದರೆ ಅದು ಅಂಟಿನದೋ ದ್ರಾವಕದ್ದೋ ಆಗಿರುತ್ತದೆ. ಅಂಚುಗಳ ಮೇಲೆ ಬೆರಳು ಎಳೆಯಿರಿ, ಗೊಂಬೆಯ ಕಣ್ಣನ್ನು, ಬಂಡಿಯ ಚಕ್ರವನ್ನು ಜಗ್ಗಿ ನೋಡಿ. ಅಂಗಡಿಯವರ ಒಪ್ಪಿಗೆ ಪಡೆದು, ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಬಣ್ಣದ ಭಾಗವನ್ನು ಉಜ್ಜಿರಿ. ಒಮ್ಮೆ ನಾನು ಹೀಗೆ ಉಜ್ಜಿದಾಗ ಕಂಬಕ್ಕೆ ಪೋಣಿಸುವ ಮರದ ಬಳೆಯ ಕೆಂಪು ಬಣ್ಣ ಬಟ್ಟೆಗೆ ಅಂಟಿತು. ಅಂಗಡಿಯಾಕೆ ಮಾತು ಬೆಳೆಸದೆ ಆ ಸರಕನ್ನೆಲ್ಲ ಕಪಾಟಿನಿಂದ ಇಳಿಸಿ, ನನ್ನ ಎದುರಿಗೇ ತಯಾರಕರಿಗೆ ಕರೆ ಮಾಡಿದರು. ಅಂದಿನಿಂದ ಅವರಲ್ಲಿಗೇ ಎಷ್ಟೋ ಮನೆಯವರನ್ನು ಕಳುಹಿಸಿದ್ದೇನೆ.

ಗಾತ್ರದ ವಿಷಯದಲ್ಲಿ ಊಹೆ ಬೇಡ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು 31.7 ಮಿಲಿಮೀಟರ್ ಒಳವ್ಯಾಸದ, ಓರೆಯಾದ ತಳವಿರುವ ಒಂದು ಕೊಳವೆಯನ್ನು ಬಳಸುತ್ತಾರೆ. ಅದರ ಆಳ ಒಂದು ಬದಿಯಲ್ಲಿ 25.4, ಇನ್ನೊಂದು ಬದಿಯಲ್ಲಿ 57.1 ಮಿಲಿಮೀಟರ್. ಯಾವ ತುಂಡು ಒತ್ತದೆಯೇ ಅದರೊಳಗೆ ಪೂರ್ತಿ ಇಳಿಯುತ್ತದೆಯೋ ಅದು ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಲ್ಲದು. ನಿಮ್ಮ ಮನೆಯಲ್ಲಿ ಇಬ್ಬರು ಮಕ್ಕಳಿರುವುದರಿಂದ ಮಗನಿಗೆ ಕೊಳ್ಳುವ ಪ್ರತಿಯೊಂದನ್ನೂ ಮಗಳ ಕೈಗೆ ಸಿಗುವುದೆಂದೇ ಭಾವಿಸಿ ಆರಿಸಬೇಕು, ಸಣ್ಣ ತುಂಡುಗಳಿರುವುದನ್ನು ಎತ್ತರದ ಕಪಾಟಿನಲ್ಲಿಟ್ಟು ಅವಳು ಮಲಗಿದಾಗ ತೆಗೆಯಬೇಕು. ಎರಡು ವಸ್ತುಗಳಲ್ಲಿ ಮಾತ್ರ ನನ್ನದು ಖಂಡಿತವಾದ ನಿಲುವು. ಬಿಡಿಯಾಗಿ ಕಳಚಿಬರುವ ಶಕ್ತಿಯುತ ಅಯಸ್ಕಾಂತಗಳು ಈ ಮನೆಗೆ ಬೇಡವೇ ಬೇಡ, ಏಕೆಂದರೆ ನುಂಗಿದ ಎರಡು ತುಂಡುಗಳು ಕರುಳಿನ ಗೋಡೆಗಳನ್ನು ನಡುವೆ ಹಿಡಿದು ಒಂದನ್ನೊಂದು ಸೆಳೆದು ತೂತು ಮಾಡುತ್ತವೆ. ಸ್ಕ್ರೂ ಇಲ್ಲದ ಮುಚ್ಚಳದೊಳಗೆ ಬಟನ್ ಸೆಲ್, ಎಂದರೆ ಗುಂಡಿಯಾಕಾರದ ಪುಟ್ಟ ಬ್ಯಾಟರಿ, ಇರುವ ಯಾವುದೂ ಬೇಡ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ತೀವ್ರವಾಗಿ ಸುಡಬಲ್ಲದು. ಹಳೆಯ ಮರದ ಆಟಿಕೆಗಳನ್ನು ಮರುಮಾರಾಟದಲ್ಲಿ ಕೊಳ್ಳುವವರಿಗೂ ಒಂದು ಎಚ್ಚರಿಕೆ: ಅಮೆರಿಕದಂಥ ದೇಶದಲ್ಲಿಯೇ ಸೀಸದ ಬಣ್ಣಕ್ಕೆ ನಿಷೇಧ ಬಂದದ್ದು 1978ರಲ್ಲಿ, ಆದ್ದರಿಂದ ಅಜ್ಜಿಯ ಕಾಲದ ಬಣ್ಣದ ಆಟಿಕೆ ನೋಡಲಷ್ಟೇ ಇರಲಿ.

ಕಲಿಕೆಯ ಮಾತಿಗೆ ಬರುತ್ತೇನೆ. ಶಿಕ್ಷಣತಜ್ಞ ಫ್ರೀಡ್ರಿಶ್ ಫ್ರೋಬೆಲ್ 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ಪುಟ್ಟ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ತೆರೆದರು. ಅವರು ಮಕ್ಕಳ ಕೈಗೆ ಕೊಟ್ಟದ್ದು ಉಣ್ಣೆಯ ಚೆಂಡುಗಳನ್ನು, ಮರದ ಗೋಳ, ಘನ, ಸಿಲಿಂಡರುಗಳನ್ನು, ಎಂಟು ಚಿಕ್ಕ ಘನಗಳಾಗಿ ಬಿಡಿಸಿ ಮತ್ತೆ ಜೋಡಿಸಬಹುದಾದ ಒಂದು ಘನವನ್ನು. ನ್ಯೂಯಾರ್ಕಿನಲ್ಲಿ 1914ರಲ್ಲಿ ಶಾಲೆ ಆರಂಭಿಸಿದ ಕ್ಯಾರೊಲಿನ್ ಪ್ರ್ಯಾಟ್ ರೂಪಿಸಿದ ಬ್ಲಾಕ್‌ಗಳಲ್ಲಿ ದಪ್ಪ, ಅಗಲ, ಉದ್ದಗಳು ಒಂದು, ಎರಡು, ನಾಲ್ಕು ಎಂಬ ಅನುಪಾತದಲ್ಲಿವೆ. ಎರಡು ಅರ್ಧಗಳನ್ನು ಜೋಡಿಸಿದರೆ ಸರಿಯಾಗಿ ಒಂದು ಪೂರ್ಣವಾಗುತ್ತದೆ, ಭಿನ್ನರಾಶಿಯ ಹೆಸರು ಕೇಳುವ ಎಷ್ಟೋ ವರ್ಷ ಮೊದಲೇ ಅದು ಮಗುವಿನ ಅಂಗೈಗೆ ಗೊತ್ತಾಗುತ್ತದೆ. ಅಂಗಡಿಯಲ್ಲಿ ಬ್ಲಾಕ್‌ಗಳ ಗುಣಮಟ್ಟವನ್ನು ಪರೀಕ್ಷಿಸುವುದೂ ಹೀಗೆಯೇ: ಎರಡು ಅರ್ಧಗಳನ್ನು ಒಂದು ಪೂರ್ಣದ ಪಕ್ಕದಲ್ಲಿಟ್ಟು ಉಗುರಿನಿಂದ ಸವರಿ ನೋಡಿ. ಉಗುರು ತಡೆದರೆ, ಹತ್ತನೆಯ ಅಂತಸ್ತು ಕಟ್ಟುವ ಹೊತ್ತಿಗೆ ಆ ಕೂದಲೆಳೆಯ ವ್ಯತ್ಯಾಸ ಕಟ್ಟಡವನ್ನೇ ಬೀಳಿಸುತ್ತದೆ, ಮಗು ಮಾತ್ರ ತಪ್ಪು ತನ್ನದೆಂದುಕೊಳ್ಳುತ್ತದೆ.

ಹಾಡುವ ಆಟಿಕೆಗಳು ಸಾಕಾಗಿವೆ ಎಂಬ ನಿಮ್ಮ ಅನಿಸಿಕೆಗೆ ಅಧ್ಯಯನದ ಬೆಂಬಲವೂ ಇದೆ. ಅಮೆರಿಕದ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನವು, ಹತ್ತರಿಂದ ಹದಿನಾರು ತಿಂಗಳ 26 ಶಿಶುಗಳು ಪೋಷಕರೊಡನೆ ಆಡುವುದನ್ನು ಧ್ವನಿಮುದ್ರಿಸಿಕೊಂಡು ನೋಡಿತು. ಎಲೆಕ್ಟ್ರಾನಿಕ್ ಆಟಿಕೆ ಮುಂದಿದ್ದಾಗ ದೊಡ್ಡವರು ಆಡಿದ ಮಾತು ಕಡಿಮೆ, ಮಗುವಿನೊಡನೆ ನಡೆದ ಸಂಭಾಷಣೆಯೂ ಕಡಿಮೆ. ದೊಡ್ಡವರು ಅತಿ ಹೆಚ್ಚು ಮಾತಾಡಿದ್ದು ಪುಸ್ತಕ ಮುಂದಿದ್ದಾಗ. ಸಣ್ಣ ಅಧ್ಯಯನವೆಂಬುದು ನಿಜ, ಆದರೂ ಆಟಿಕೆ ಮಾತಾಡಿದರೆ ಮನುಷ್ಯರು ಸುಮ್ಮನಾಗುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನದಲ್ಲಿ, ಅಂಬೆಗಾಲು ದಾಟಿದ 36 ಮಕ್ಕಳು ಹದಿನಾರು ಆಟಿಕೆಗಳ ನಡುವೆ ಆಡಿದ್ದಕ್ಕಿಂತ ನಾಲ್ಕೇ ಆಟಿಕೆಗಳಿದ್ದಾಗ ಪ್ರತಿಯೊಂದರೊಡನೆ ಹೆಚ್ಚು ಹೊತ್ತು, ಹೆಚ್ಚು ಬಗೆಗಳಲ್ಲಿ ಆಡಿದರು. ಆದ್ದರಿಂದ ಸ್ವತಂತ್ರ ಅಂಗಡಿಯ ಬೆಲೆ ನೋಡಿ ಹಿಂಜರಿಯುವವರಿಗೆ ನಾನು ಹೇಳುವುದು, ವರ್ಷಕ್ಕೆ ಹತ್ತರ ಬದಲು ಎರಡನ್ನು ಕೊಳ್ಳಿ ಎಂದು. ನಿಮ್ಮ ಮಗಳಿಗೆ ಈಗ ಒಂದು ಎಳೆಯುವ ಬಂಡಿ, ಹತ್ತಾರು ಬಣ್ಣವಿಲ್ಲದ ಬ್ಲಾಕ್‌ಗಳು, ಒಂದು ಬಟ್ಟೆಯ ಗೊಂಬೆ ಸಾಕು. ಅದೇ ಬ್ಲಾಕ್‌ಗಳಿಗೆ ಇನ್ನಷ್ಟು ಸೇರಿಸಿದರೆ ಮಗನಿಗೆ ಸೇತುವೆ ಕಟ್ಟಲೂ ಆಗುತ್ತದೆ. ಬಿಡಿ ತುಂಡುಗಳನ್ನು ಹೀಗೆ ಆಮೇಲೆ ಸೇರಿಸಿ ಕೊಡುತ್ತೀರಾ, ಚಕ್ರ ಮುರಿದರೆ ಹಾಕಿಸಿ ಕೊಡುತ್ತೀರಾ ಎಂದು ಮೊದಲ ಭೇಟಿಯಲ್ಲಿಯೇ ವಿಚಾರಿಸಿ, ಏಕೆಂದರೆ ದೊಡ್ಡ ಮಳಿಗೆಯಲ್ಲಿ ಸಿಗದ ಸೇವೆ ಇದು.

ಕೊಂಡ ಮೇಲೆ ರಸೀದಿಯನ್ನೂ, ಆಟಿಕೆಯ ತಳದಲ್ಲಿ ಅಥವಾ ಡಬ್ಬಿಯಲ್ಲಿರುವ ತಯಾರಿಕೆಯ ಸಂಖ್ಯೆಯನ್ನೂ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಯಾವುದಾದರೂ ಸರಕಿನಲ್ಲಿ ದೋಷ ಕಂಡು ತಯಾರಕರು ವಾಪಸು ಕರೆಸಿಕೊಂಡಾಗ ನಿಮ್ಮದು ಆ ಸರಕೇ ಅಲ್ಲವೇ ಎಂದು ತಿಳಿಯಲು ಆ ಸಂಖ್ಯೆಯೊಂದೇ ದಾರಿ. ಅಂಗಡಿಯವರ ಬಳಿ ನಿಮ್ಮ ದೂರವಾಣಿ ಸಂಖ್ಯೆಯನ್ನು ಬರೆಸಿ ಬನ್ನಿ. ಒಳ್ಳೆಯ ಸಣ್ಣ ಅಂಗಡಿಯವರು ಅಂಥ ಸಂದರ್ಭದಲ್ಲಿ ತಾವಾಗಿಯೇ ಕರೆ ಮಾಡಿ ತಿಳಿಸುತ್ತಾರೆ.